ಗಾಜಿನ ತೊಟ್ಟಿಯಿಂದ ಹೊಳೆಯ ದಂಡೆಗೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸದ ವೇದಿಕೆಗೆ ಕವಿಗಳು, ಶಾಸನತಜ್ಞರು, ಇತಿಹಾಸಕಾರರು ಬಂದು ಹೋಗುವುದು ವಾಡಿಕೆ. ಹಜಾರದ ಮೂಲೆಯಲ್ಲಿ ಮೀನು ಸಾಕಿಕೊಂಡಿರುವವನನ್ನು ಕರೆತಂದು ಒಂದು ಗಂಟೆ ಮಾತಾಡಿ ಎಂದಿರುವುದು ಸಂಘಟಕರ ಧೈರ್ಯಕ್ಕೆ ಸಾಕ್ಷಿ. ವಿಷಯ ಹಗುರವೆಂದು ಯಾರಿಗಾದರೂ ಅನ್ನಿಸಿದ್ದರೆ ಒಂದು ಸಮಾಧಾನ ಹೇಳಿಬಿಡುತ್ತೇನೆ. ಮೀನಿನ ಮೋಜಿಗೆ ನಮ್ಮ ನಾಡಿನಲ್ಲಿ ಘನವಾದ ವಂಶಾವಳಿ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಆನೆ, ಅಡುಗೆ, ಸಂಗೀತಗಳ ಸಾಲಿನಲ್ಲೇ ‘ಮತ್ಸ್ಯವಿನೋದ’ಕ್ಕೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ಮೀನುಗಳ ಬಗೆ, ಅವಕ್ಕೆ ಹಾಕುವ ತಿನಿಸು, ಗಾಳ ಹಾಕುವ ಕ್ರಮ ಎಲ್ಲ ಅದರಲ್ಲಿವೆ. ಭಾರತೀಯ ಮತ್ಸ್ಯವಿಜ್ಞಾನದ ಹಿರಿಯರಾದ ಸುಂದರ್ ಲಾಲ್ ಹೋರಾ 1951ರಲ್ಲಿ ಆ ಅಧ್ಯಾಯವನ್ನು ವಿಜ್ಞಾನದ ದೃಷ್ಟಿಯಿಂದ ಓದಿ ಪ್ರಬಂಧವನ್ನೇ ಬರೆದರು. ದೊರೆಯ ವಿನೋದದಲ್ಲಿ ವಿಜ್ಞಾನಿಗೆ ಬೇಕಾದ ಸರಕು ಸಿಕ್ಕಿತು. ಅಂಥ ಸರಕನ್ನು ಹವ್ಯಾಸ ಇವತ್ತಿಗೂ ಕೊಡಬಲ್ಲುದು ಎನ್ನುವುದು ನನ್ನ ನಂಬಿಕೆ.

ಇವತ್ತಿನ ನನ್ನ ಮಾತಿನ ತಿರುಳನ್ನು ಮೊದಲೇ ಹೇಳುತ್ತೇನೆ. ಅಕ್ವೇರಿಯಂ ಸಾಕುವವರಲ್ಲಿ ಒಂದು ಬಗೆಯ ನೋಟ ಬೆಳೆಯುತ್ತದೆ. ನೀರಿನ ವಾಸನೆ ಬದಲಾದದ್ದು, ಮೀನಿನ ಕಿವಿರು ಎಂದಿಗಿಂತ ಬಿರುಸಾಗಿ ಆಡುತ್ತಿರುವುದು, ಗಂಡಿಗೆ ಬಣ್ಣವೇರಿದ್ದು ಅವರಿಗೆ ದೂರದಿಂದಲೇ ತಿಳಿಯುತ್ತದೆ. ನಮ್ಮ ಹೊಳೆ, ಕೆರೆ, ಗದ್ದೆಗಳಿಗೆ ಇಂಥ ಕಣ್ಣುಗಳ ಕೊರತೆ ಇದೆ. ಟ್ಯಾಂಕಿನಿಂದ ಹೊಳೆಗೆ ಸಾಗಬೇಕಾದ್ದು ಈ ನೋಟ. ಆದರೆ ಈಗ ಆಗುತ್ತಿರುವುದು ಬೇರೆಯೇ. ಹೊಳೆಯ ಮೀನು ಟ್ಯಾಂಕಿಗೆ ಬರುತ್ತಿದೆ, ಟ್ಯಾಂಕಿನ ಮೀನು ಕೆರೆಗೆ ಹೋಗುತ್ತಿದೆ, ನೋಟ ಮಾತ್ರ ಹಜಾರದಲ್ಲೇ ಕೂತಿದೆ.

1. ಹವ್ಯಾಸದ ಹುಟ್ಟು, ಅದರ ಮೊದಲ ಪೆಟ್ಟು

ಗಾಜಿನ ಪೆಟ್ಟಿಗೆಯಲ್ಲಿ ಜಲಚರಗಳನ್ನು ಇಟ್ಟು ನೋಡುವ ಪದ್ಧತಿ ಹಬ್ಬಿದ್ದು 19ನೆಯ ಶತಮಾನದ ಯುರೋಪಿನಲ್ಲಿ. ಫ್ರಾನ್ಸಿನ ಜಾನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ 1830ರ ದಶಕದಲ್ಲಿ ಸಿಸಿಲಿಯ ಕಡಲತೀರದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಸಮುದ್ರಜೀವಿಗಳನ್ನು ಅಭ್ಯಾಸ ಮಾಡಿದರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಹವ್ಯಾಸದ ಅಡಿಗಲ್ಲು. ಅವರು ತೊಟ್ಟಿಯಲ್ಲಿ ಗೋಲ್ಡ್ ಫಿಶ್ ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯ ಎಂಬ ಜಲಸಸ್ಯ ನೆಟ್ಟರು. ಗಿಡ ಆಮ್ಲಜನಕ ಕೊಟ್ಟಿತು, ಆದರೆ ಅದರ ಎಲೆ ಕೊಳೆತು ನೀರು ಕೆಟ್ಟಿತು. ಕೊಳದ ಬಸವನಹುಳುಗಳನ್ನು ಬಿಟ್ಟಾಗ ಅವು ಕೊಳೆತದ್ದನ್ನು ತಿಂದು ಲೆಕ್ಕ ಸರಿಹೊಂದಿಸಿದವು. ಮೀನು, ಗಿಡ, ಹುಳು ಈ ಮೂರರ ಕೊಡುಕೊಳೆಯನ್ನು ಒಂದು ಪೆಟ್ಟಿಗೆಯಲ್ಲಿ ತೋರಿಸಿಕೊಟ್ಟ ಪ್ರಯೋಗ ಅದು. ವ್ಯಾಲಿಸ್ನೇರಿಯ ನಮ್ಮ ಕೆರೆಗಳಲ್ಲೂ ಬೆಳೆಯುತ್ತದೆ. ನೋಡಲು ಉದ್ದನೆಯ ಹಸಿರು ಪಟ್ಟಿಯಂಥ ಎಲೆಗಳ ಗಿಡ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಹೊರಬಂದು ಮಧ್ಯಮವರ್ಗದ ಮನೆಮನೆಗೂ ಈ ಹುಚ್ಚು ಹಿಡಿಯಿತು. ಜನ ರೈಲು ಹತ್ತಿ ಕಡಲತೀರಕ್ಕೆ ಹೋಗಿ ಬಂಡೆಗಳ ನಡುವಿನ ಕೊಳಗಳನ್ನು ಬಾಚಿಕೊಂಡು ಬಂದರು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ಬರೆಯುವಾಗ, ತಂದೆಯ ಜೊತೆ ತಾನು ಕಂಡ ಆ ತೀರದ ಚೆಲುವು ಸಂಗ್ರಾಹಕರ ಕೈಯಲ್ಲಿ ಸೂರೆಹೋಯಿತು ಎಂದು ಮರುಗಿದರು. ಜನರಿಗೆ ಕಡಲನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಆ ಕಡಲಂಚನ್ನು ಬರಿದುಮಾಡಲು ದಾರಿಯಾಯಿತು. ಹವ್ಯಾಸಕ್ಕೆ ಹುಟ್ಟಿನಿಂದಲೇ ಅಂಟಿದ ಈ ದೋಷವನ್ನು ಮರೆತು ಅದರ ಗುಣಗಾನ ಮಾಡುವುದು ಸರಿಯಲ್ಲ.

2. ಮೊದಲು ಸಾಕಬೇಕಾದ್ದು ನೀರನ್ನು

ಹೊಸದಾಗಿ ಟ್ಯಾಂಕ್ ಕೊಂಡವರು ಮೀನು ಸಾಕುತ್ತೇವೆ ಅಂದುಕೊಳ್ಳುತ್ತಾರೆ. ವರ್ಷ ಕಳೆದವರಿಗೆ ತಾವು ಸಾಕುತ್ತಿರುವುದು ನೀರನ್ನು ಎಂದು ಗೊತ್ತಾಗಿರುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ; ಉಳಿದ ಆಹಾರ ಕೊಳೆತರೂ ಅಮೋನಿಯಾ. ಅದು ಅದಕ್ಕೇ ವಿಷ. ನೀರಿನಲ್ಲಿ, ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ, ಗಿಡ ಅದನ್ನು ಗೊಬ್ಬರವಾಗಿ ಹೀರುತ್ತದೆ, ಮಿಕ್ಕದ್ದು ನಾವು ವಾರಕ್ಕೊಮ್ಮೆ ಬದಲಿಸುವ ನೀರಿನೊಂದಿಗೆ ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳ ಸಂಸಾರ ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರ ಟ್ಯಾಂಕ್ ತಂದು ಭಾನುವಾರವೇ ಹನ್ನೆರಡು ಗೋಲ್ಡ್ ಫಿಶ್ ಬಿಟ್ಟವರ ಮನೆಯಲ್ಲಿ ಮುಂದಿನ ಭಾನುವಾರದೊಳಗೆ ಮೀನು ತೇಲುವುದು ಇದಕ್ಕೇ. ಪಾಪ, ಅವರು ದೃಷ್ಟಿ ತಾಗಿತು ಅನ್ನುತ್ತಾರೆ.

ಒಂದೇ ಬ್ಯಾಕ್ಟೀರಿಯಾ ಈ ಎರಡೂ ಹೆಜ್ಜೆಗಳನ್ನು ತಾನೇ ಮುಗಿಸಬಲ್ಲದು ಎಂದು ವಿಜ್ಞಾನಿಗಳು ತೋರಿಸಿದ್ದು 2015ರಲ್ಲಿ. ಅಂಥ ಜೀವಿಗಳು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ನೀರನ್ನು ಸೋಸುವ ಫಿಲ್ಟರೂ ಒಂದು. ನಾವು ತಿಕ್ಕಿ ತೊಳೆದು ಚೆಲ್ಲುವ ಸ್ಪಂಜಿನ ಲೋಳೆಯಲ್ಲಿ ಹೀಗೆ ಹೊಸ ಜೀವವಿಜ್ಞಾನ ಅಡಗಿರಬಹುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಟ್ಯಾಂಕಿನಲ್ಲಿ ನಡೆಯುವುದೇ ಕೆರೆಯಲ್ಲೂ ನಡೆಯುತ್ತದೆ. ಚರಂಡಿ ನೀರು ಕೆರೆಗೆ ಬಿದ್ದಾಗ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಬೆಂಗಳೂರಿನ ವಾಕಿಂಗ್ ಹೋಗುವವರೆಲ್ಲ ನೋಡಿದ್ದಾರೆ. ಆದರೆ ಅದು ಉಸಿರುಗಟ್ಟುವಿಕೆ, ರಾತ್ರಿಯಿಡೀ ಪಾಚಿಯೂ ಬ್ಯಾಕ್ಟೀರಿಯಾವೂ ಆಮ್ಲಜನಕ ಕುಡಿದು ಮುಗಿಸಿವೆ, ಬಿಸಿಲು ಬರುವ ಮುನ್ನ ಕೊರತೆ ಅತಿ ಹೆಚ್ಚು ಎಂದು ಓದುವ ಶಕ್ತಿ ಮನೆಯಲ್ಲಿ ಏರ್ ಪಂಪ್ ಕೆಟ್ಟ ರಾತ್ರಿಯನ್ನು ಕಂಡವರಿಗೆ ಇರುತ್ತದೆ. ಮಾರನೆಯ ದಿನದ ಸಾಮೂಹಿಕ ಸಾವನ್ನು ಹಿಂದಿನ ದಿನವೇ ಊಹಿಸಿ ಸಂಬಂಧಪಟ್ಟವರಿಗೆ ಫೋನ್ ಮಾಡಬಲ್ಲ ಪ್ರಜೆಗಳು ಇವರು.

3. ಅಂಗಡಿಯಲ್ಲಿ ಕೂತಿರುವ ನಮ್ಮೂರವರು

ಬೆಂಗಳೂರಿನ ಮನೆಯ ಟ್ಯಾಂಕನ್ನು ಒಮ್ಮೆ ಯೋಚಿಸಿ. ನಲ್ಲಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬಂದ ಕಾವೇರಿ. ಅದರಲ್ಲಿ ಈಜುವ ಏಂಜೆಲ್, ನಿಯಾನ್ ಟೆಟ್ರಾ, ಡಿಸ್ಕಸ್‌ಗಳ ಮೂಲ ಅಮೆಜಾನ್ ಸೀಮೆ, ಫೈಟರ್ ಥಾಯ್ಲೆಂಡಿನದು, ಗೋಲ್ಡ್ ಫಿಶ್ ಚೀನಾದ್ದು. ಕಾವೇರಿಯ ನೀರಿನಲ್ಲಿ ಕಾವೇರಿಯ ಮೀನೊಂದು ಬಿಟ್ಟು ಮಿಕ್ಕದ್ದೆಲ್ಲ ಇದೆ. ಮನೆಯ ಮಗುವಿಗೆ ಏಳೆಂಟು ವಿದೇಶಿ ಮೀನುಗಳ ಹೆಸರು ಗೊತ್ತು. ಕಾವೇರಿಯ ಒಂದು ಸಣ್ಣ ಮೀನನ್ನು ಹೆಸರಿಸು ಅಂದರೆ ಮಗು ಅಪ್ಪನ ಮುಖ ನೋಡುತ್ತದೆ, ಅಪ್ಪ ಮೀನಿನ ಮುಖ ನೋಡುತ್ತಾರೆ.

ನಮ್ಮ ನಾಡಿನ ಮೀನುಗಳು ಅಂಗಡಿಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಅವು ಇಂಗ್ಲಿಷ್ ಹೆಸರಿನ ಮರೆಯಲ್ಲಿ ಕೂತಿವೆ. ರೋಸಿ ಬಾರ್ಬ್, ಹನಿ ಗೌರಾಮಿ, ಗ್ಲಾಸ್ ಫಿಶ್, ಝೀಬ್ರಾ ಡ್ಯಾನಿಯೊ ಎಲ್ಲವೂ ಭಾರತದ ಮೀನುಗಳು. ಅವನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಈ ಹೆಸರು ನಿಮಗೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಊರೂರಿನ ಬೆಳೆ, ಜಾತಿ, ಕಸುಬುಗಳನ್ನು ಬರೆದಿಟ್ಟ ಬುಕಾನನ್ ಇವರೇ. ಮುಂದೆ ಬಂಗಾಳದಲ್ಲಿ ಗಂಗೆಯ ಮೀನುಗಳನ್ನು ಅಭ್ಯಾಸ ಮಾಡಿ 1822ರಲ್ಲಿ ಪುಸ್ತಕ ಪ್ರಕಟಿಸಿದರು. ಅದಕ್ಕಾಗಿ ಮೀನುಗಳ ಚಿತ್ರ ಬರೆದುಕೊಟ್ಟ ಕಲಾವಿದರಲ್ಲಿ ಹಾಲುದಾರ್ ಎಂಬ ಬಂಗಾಳಿ ತರುಣ ಒಬ್ಬ. ಅವನ ಪೂರ್ತಿ ಹೆಸರೂ ದಾಖಲೆಯಲ್ಲಿ ಉಳಿದಿಲ್ಲ. 2013ರಲ್ಲಿ ಮೀನುಶಾಸ್ತ್ರಜ್ಞರು ಪಶ್ಚಿಮ ಘಟ್ಟದ ಪಟ್ಟೆಪಟ್ಟೆ ಬಾರ್ಬ್‌ಗಳ ಕುಲಕ್ಕೆ ಹಾಲುದಾರಿಯಾ ಎಂದು ಹೆಸರಿಟ್ಟು ಆ ಋಣ ತೀರಿಸಿದರು. ಕೆಂಪು ಮೈಮೇಲೆ ಕಪ್ಪು ಪಟ್ಟೆಯ ಆ ಪುಟ್ಟ ಮೀನು ಅಂಗಡಿಗಳಲ್ಲಿ ಮೆಲನ್ ಬಾರ್ಬ್ ಎಂದು ಮಾರಾಟವಾಗುತ್ತದೆ. ಅದನ್ನು ಕೊಳ್ಳುವಾಗ ಪೂರ್ತಿ ಹೆಸರು ಉಳಿಯದ ಆ ಚಿತ್ರಕಾರನನ್ನು ನೆನೆಯಬಹುದು.

ಕನ್ನಡಿಗರಿಗೆ ಇನ್ನೂ ಹತ್ತಿರದ ಹೆಸರೊಂದಿದೆ. ಕೊಡಗಿನ ಕಾವೇರಿ ನೀರಿನ ಬಾರ್ಬ್ ಒಂದಕ್ಕೆ ಹೋರಾ 1937ರಲ್ಲಿ ‘ನಾರಾಯಣಿ’ ಎಂಬ ಜಾತಿನಾಮ ಕೊಟ್ಟರು. ಅದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರ ಗೌರವಕ್ಕೆ. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು ಅವರು. ಘಟ್ಟದ ಪೊದೆಕಪ್ಪೆಗಳ ಕುಲವೊಂದು 2010ರಿಂದ ‘ರಾವೊರ್ಕೆಸ್ಟಿಸ್’ ಎಂದು ಅವರ ಹೆಸರನ್ನೇ ಹೊತ್ತಿದೆ. ಮೀನಿಗೂ ಕಪ್ಪೆಗೂ ಹೆಸರಾದ ಮೇಷ್ಟ್ರು ಇಂಥ ವಿದ್ಯಾರ್ಥಿಗಳ ಸಭೆಯಲ್ಲಿ ನೆನಪಾಗಲೇಬೇಕು.

ಝೀಬ್ರಾ ಡ್ಯಾನಿಯೊದ ಕತೆ ಹವ್ಯಾಸದ ಬಲವನ್ನು ತೋರಿಸುತ್ತದೆ. ಎರಡಂಗುಲಕ್ಕೂ ಕಡಿಮೆ ಉದ್ದ, ನೀಲಿ ಗೆರೆಗಳು, ಗದ್ದೆಯ ಕಾಲುವೆ ಮತ್ತು ನಿಧಾನ ಹರಿಯುವ ತೊರೆಯಂಚಿನಲ್ಲಿ ವಾಸ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಸ್ವತಃ ಮೀನು ಸಾಕುವ ಹವ್ಯಾಸಿ. ವೈರಸ್‌ಗಳ ತಳಿಶಾಸ್ತ್ರ ಬಿಟ್ಟು ಬೆನ್ನೆಲುಬಿರುವ ಪ್ರಾಣಿಯೊಂದನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಬೇಕಾದಾಗ ಅವರ ಕಣ್ಣು ಹೋದದ್ದು ಅಂಗಡಿಯ ಈ ಮೀನಿನ ಮೇಲೆ. ಮೊಟ್ಟೆ ಪಾರದರ್ಶಕ, ಭ್ರೂಣ ತಾಯಿಯ ಹೊರಗೆ ಬೆಳೆಯುತ್ತದೆ, ಬೆಳವಣಿಗೆ ದಿನಗಳಲ್ಲಿ ಮುಗಿಯುತ್ತದೆ. ಸೂಕ್ಷ್ಮದರ್ಶಕದಡಿ ಹೃದಯ ಮಿಡಿಯಲು ತೊಡಗುವುದನ್ನು ನೇರವಾಗಿ ನೋಡಬಹುದು. 1981ರಲ್ಲಿ ಅವರ ಲೇಖನ ಬಂದ ಮೇಲೆ ಈ ಮೀನು ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಹೋಯಿತು. ಬೆಂಗಳೂರಿನ ಸಂಶೋಧನ ಸಂಸ್ಥೆಗಳಿಗೂ ಬಂತು. ನಮ್ಮ ಗದ್ದೆಯ ಮೀನು ಅಮೆರಿಕ ಸುತ್ತಿ ಬಿಳಿ ಕೋಟಿನವರ ಜೊತೆ ಮರಳಿದ ರೀತಿ ಇದು.

4. ಹೊಳೆಯಿಂದ ಟ್ಯಾಂಕಿಗೆ

ಹಾಗಾದರೆ ನಮ್ಮ ಹೊಳೆಯ ಮೀನುಗಳನ್ನೇ ಹಿಡಿದು ತಂದು ಸಾಕಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಉತ್ತರವನ್ನು ಮಿಸ್ ಕೇರಳ ಎಂಬ ಮೀನು ಕೊಡುತ್ತದೆ. ಬೆಳ್ಳಿಯ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರಡಿ ಬಾಲದವರೆಗೆ ಕಪ್ಪು ಗೆರೆ. ಫ್ರಾನ್ಸಿಸ್ ಡೇ ಇದನ್ನು 1865ರಲ್ಲಿ ವಿವರಿಸಿ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ತನ್ನಷ್ಟಕ್ಕೆ ಘಟ್ಟದ ವೇಗದ ನೀರಿನಲ್ಲಿ ಗುಂಪುಗೂಡಿ ಈಜಿಕೊಂಡಿತ್ತು. 1990ರ ದಶಕದ ಕೊನೆಗೆ ಸಿಂಗಪುರದ ಅಲಂಕಾರಿಕ ಮೀನು ಮೇಳದಲ್ಲಿ ಬಹುಮಾನ ಪಡೆದದ್ದೇ ತಡ, ಬೇಡಿಕೆ ಮುಗಿಲಿಗೇರಿತು. ಕೇರಳದ ನದಿಗಳಿಂದ ಬಲೆಗಟ್ಟಲೆ ಮೇಲೆತ್ತಿ ವಿಮಾನಕ್ಕೆ ಹಾಕಿದರು. ಇಂದು ಅದು ಅಳಿವಿನಂಚಿನ ಮೀನುಗಳ ಕೆಂಪು ಪಟ್ಟಿಯಲ್ಲಿದೆ. 2005ರಿಂದ 2012ರ ನಡುವೆ ಭಾರತದಿಂದ ಇದೂ ಸೇರಿ ಆಪತ್ತಿನಲ್ಲಿರುವ 30 ಜಾತಿಗಳ ಕನಿಷ್ಠ 15 ಲಕ್ಷ ಸಿಹಿನೀರು ಮೀನುಗಳು ರಫ್ತಾದವು ಎಂದು 2013ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು.

ಕೇರಳ ಸರ್ಕಾರ 2008ರಲ್ಲಿ ಹಿಡಿಯುವುದಕ್ಕೆ ಮಿತಿ ಹಾಕಿತು. ಕೆಲವು ತಿಂಗಳು ಹಿಡಿಯಲೇಬಾರದು ಎಂದಿತು. ಆದರೆ ಮುಚ್ಚಿದ ತಿಂಗಳುಗಳು ಮೀನು ಮೊಟ್ಟೆಯಿಡುವ ಕಾಲಕ್ಕೆ ಹೊಂದುತ್ತಲೇ ಇರಲಿಲ್ಲ ಎಂದು ಸಂಶೋಧಕರು ಆಮೇಲೆ ತೋರಿಸಿದರು. ಕಾನೂನಿಗೆ ಒಳ್ಳೆಯ ಮನಸ್ಸಿತ್ತು, ಮೀನಿನ ಪಂಚಾಂಗ ಗೊತ್ತಿರಲಿಲ್ಲ. ಹೊಳೆಯ ದಂಡೆಯ ಹತ್ತಾರು ಹವ್ಯಾಸಿಗಳು ಯಾವ ತಿಂಗಳಲ್ಲಿ ಮರಿ ಕಂಡಿತು, ಯಾವಾಗ ಹೆಣ್ಣಿನ ಹೊಟ್ಟೆ ದಪ್ಪವಾಯಿತು ಎಂದು ಬರೆದಿಟ್ಟಿದ್ದರೆ ಆ ಪಂಚಾಂಗ ಸಿದ್ಧವಾಗಿರುತ್ತಿತ್ತು. ಇನ್ನೊಂದು ಪಾಠವೂ ಇಲ್ಲಿದೆ. ಮುಂದೆ ಇದೇ ಮೀನನ್ನು ಕೇರಳದ ಪನಂಗಾಡಿನ ಮೀನುಗಾರಿಕೆ ಕಾಲೇಜಿನಲ್ಲಿ ತೊಟ್ಟಿಯಲ್ಲೇ ಮರಿ ಮಾಡಿಸುವಲ್ಲಿ ಯಶಸ್ಸು ಸಿಕ್ಕಿತು. ನಮ್ಮ ಮೀನು ಸಾಕುವ ಆಸೆಯಿದ್ದರೆ ತೊಟ್ಟಿಯಲ್ಲಿ ಹುಟ್ಟಿದ್ದನ್ನೇ ಕೇಳಿ ಕೊಳ್ಳಬೇಕು. ಅಂಗಡಿಯವರಿಗೆ ಗಿರಾಕಿಗಳ ಆ ಪ್ರಶ್ನೆ ಅಭ್ಯಾಸವಾಗಬೇಕು.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗಿನ ತೊರೆಯಿಂದ ಅನುಮತಿಯಿಲ್ಲದೆ ಒಂದು ಮೀನನ್ನಾಗಲಿ ಗಿಡವನ್ನಾಗಲಿ ತರುವಂತಿಲ್ಲ. ಸಮುದ್ರದ ಕುದುರೆಮೀನು, ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮಳೆಗಾಲದಲ್ಲಿ ರಸ್ತೆಗೆ ಬರುವ ನೀರಾಮೆಯನ್ನು ಮನೆಗೆ ಒಳ್ಳೆಯದಾಗಲಿ ಎಂದು ತೊಟ್ಟಿಗೆ ಹಾಕಿಕೊಳ್ಳುವುದು ಹಳ್ಳಿ ಪೇಟೆಗಳೆರಡರಲ್ಲೂ ಇದೆ. ಅದು ಅಪರಾಧ. ಅದನ್ನು ರಸ್ತೆ ದಾಟಿಸಿ ಹತ್ತಿರದ ನೀರಿನ ಕಡೆಗೆ ಬಿಟ್ಟರೆ ನಮ್ಮ ಕೆಲಸ ಮುಗಿಯಿತು.

5. ಟ್ಯಾಂಕಿನಿಂದ ಕೆರೆಗೆ

ಎದುರು ದಿಕ್ಕಿನ ಸಾಗಾಟ ಇನ್ನೂ ಹೆಚ್ಚು ಅಪಾಯಕಾರಿ, ಯಾಕೆಂದರೆ ಇದನ್ನು ಒಳ್ಳೆಯವರು ಮಾಡುತ್ತಾರೆ. ಗಾಜಿಗೆ ಅಂಟಿ ಪಾಚಿ ತಿನ್ನುತ್ತದೆ ಎಂದು ಎಲ್ಲ ಅಂಗಡಿಯವರೂ ಕೊಡುವ ಎರಡಂಗುಲದ ಸಕ್ಕರ್ ಮೀನು ಎರಡು ಮೂರು ವರ್ಷದಲ್ಲಿ ಮೊಣಕೈಯುದ್ದ ಬೆಳೆಯುತ್ತದೆ. ಟ್ಯಾಂಕ್ ಸಾಲದು, ಕೊಲ್ಲಲು ಮನಸ್ಸು ಬಾರದು. ಸಂಜೆ ಬಕೆಟ್ ಹಿಡಿದು ಹತ್ತಿರದ ಕೆರೆಗೆ ಹೋಗಿ, ಹೋಗಪ್ಪ ಬದುಕಿಕೋ ಎಂದು ಬಿಟ್ಟು ಬರುತ್ತಾರೆ. ಅದು ಬದುಕಿಕೊಳ್ಳುತ್ತದೆ, ಅದೇ ತೊಂದರೆ. ದಕ್ಷಿಣ ಅಮೆರಿಕ ಮೂಲದ ಈ ಮೀನಿಗೆ ಮೈಯೆಲ್ಲ ಮೂಳೆಯ ಕವಚ, ರೆಕ್ಕೆಯಲ್ಲಿ ಮುಳ್ಳು. ಕೊಕ್ಕರೆ ನುಂಗಲಾರದು, ಬಲೆ ಹರಿಯುತ್ತದೆ. ಆಮ್ಲಜನಕ ಕಡಿಮೆಯಾದರೆ ಮೇಲಿನ ಗಾಳಿ ನುಂಗಿ ಬದುಕುತ್ತದೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆಂಗಳೂರಿನ ಕೆರೆಗಳಿಂದ ವಾರಾಣಸಿಯ ಗಂಗೆಯವರೆಗೆ ಬಲೆಗೆ ಬಿದ್ದು ಮೀನುಗಾರರ ದಿನ ಕೆಡಿಸುತ್ತಿದೆ. ಕೇರಳದಲ್ಲಿ 2018ರ ನೆರೆ ಇಳಿದಾಗ ನದಿಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್‌ನಂಥ ದೈತ್ಯ ಮೀನುಗಳು ಸಿಕ್ಕವು. ಸಾಕಿದ್ದ ಕೊಳಗಳಿಂದ ನೆರೆ ಅವನ್ನು ಹೊಳೆಗೆ ಎಳೆದೊಯ್ದಿತ್ತು.

ಹೀಗೆ ಬಿಟ್ಟದ್ದು ಸರ್ಕಾರಗಳೂ ಹೌದು. ಸೊಳ್ಳೆ ನಾಶಕ್ಕೆಂದು 20ನೆಯ ಶತಮಾನದ ಆರಂಭದಲ್ಲಿ ಗಪ್ಪಿಯನ್ನೂ 1928ರಲ್ಲಿ ಗ್ಯಾಂಬೂಸಿಯಾವನ್ನೂ ಭಾರತಕ್ಕೆ ತಂದರು. ಇಂದು ಯಾವ ಊರಿನ ಚರಂಡಿ ಬಗ್ಗಿ ನೋಡಿದರೂ ಗಪ್ಪಿ. ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆ ನಮ್ಮ ಕಪ್ಪೆಯ ಗೊದಮೊಟ್ಟೆಯನ್ನೂ ಬೇರೆ ಮೀನುಗಳ ಮರಿಯನ್ನೂ ತಿನ್ನುತ್ತದೆ. ಈ ಕೆಲಸಕ್ಕೆ ನಮ್ಮಲ್ಲೇ ಕೆಲಸಗಾರರಿದ್ದರು. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಮೈಗೆ ತಾಗಿದಂತೆ ಈಜುವ ಆಪ್ಲೋಕೈಲಸ್ ಮೀನನ್ನು ಬಾವಿ, ಕೆರೆ, ಗದ್ದೆ ಎಲ್ಲ ಕಡೆ ಕಾಣಬಹುದು. ಅದರ ಬಾಯಿ ಮೇಲ್ಮುಖ. ಸೊಳ್ಳೆಮರಿ ಮೇಲಕ್ಕೆ ಉಸಿರಾಡಲು ಬಂದ ಕಡೆಯೇ ಅದರ ಊಟ.

ಅಂಗಡಿಗಳಲ್ಲಿ ಕಾಸಿನಗಲದ ಹಸಿರು ಮರಿಯಾಗಿ ಸಿಗುವ, ಕೆನ್ನೆಯಲ್ಲಿ ಕೆಂಪು ಗೆರೆಯ ಅಮೆರಿಕದ ಆಮೆಯ ಕತೆಯೂ ಇದೇ. ಅದು ಊಟದ ತಟ್ಟೆಯಷ್ಟು ಬೆಳೆದು ದಶಕಗಟ್ಟಲೆ ಬದುಕುತ್ತದೆ. ಕೊಳ್ಳುವಾಗ ಮಗು ಮೂರನೆಯ ತರಗತಿಯಲ್ಲಿರುತ್ತದೆ. ಆಮೆಗೆ ಪ್ರಾಯ ಬಂದಾಗ ಮಗು ಬೇರೆ ಊರಿನ ಹಾಸ್ಟೆಲ್ಲಿನಲ್ಲಿ. ಆಗ ನೆನಪಾಗುವುದು ದೇವಸ್ಥಾನದ ಕಲ್ಯಾಣಿ. ಅಲ್ಲಿ ನಮ್ಮದೇ ಆಮೆಗಳ ಬಿಸಿಲು ಕಾಯುವ ಕಲ್ಲು, ಆಹಾರ ಎರಡಕ್ಕೂ ಅದು ಪಾಲುದಾರನಾಗುತ್ತದೆ.

ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಮೀನಿನ ವಿಷಯದಲ್ಲಿ ಅಳತೆ ಸೊನ್ನೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇನ್ನೊಬ್ಬ ಹವ್ಯಾಸಿಗೆ ಕೊಡಿ. ಕತ್ತರಿಸಿದ ಜಲಸಸ್ಯವನ್ನು ಚರಂಡಿಗೆ ಎಸೆಯದೆ ಬಿಸಿಲಲ್ಲಿ ಒಣಗಿಸಿ ಗಿಡಕ್ಕೆ ಗೊಬ್ಬರ ಮಾಡಿ. ಬದಲಿಸಿದ ನೀರು ತೆಂಗಿನ ಬುಡಕ್ಕೆ ಹೋಗಲಿ.

6. ದಂಡೆಯಲ್ಲಿ ಕೂತ ಹವ್ಯಾಸಿ

ಮೀನು ತರಬೇಡಿ, ಮೀನು ಬಿಡಬೇಡಿ ಅಂದಮೇಲೆ ಹವ್ಯಾಸಿಗೆ ಹೊಳೆಯಲ್ಲಿ ಏನು ಕೆಲಸ? ನನ್ನ ಉಪನ್ಯಾಸದ ಸಂತೋಷದ ಭಾಗ ಇದು.

ಜೂನಿನಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದ ಕೂಡಲೇ ಹೊಳೆಯ ಮೀನು ಹೊಸನೀರಿನ ಎದುರು ಈಜಿ ತೋಡು, ಗದ್ದೆಗಳಿಗೆ ಏರುತ್ತದೆ. ಅದನ್ನು ಹತ್ತು ಮೀನು ಎಂದು ಕರೆದು ಕೂಣಿ ಎಂಬ ಬೋನು ಒಡ್ಡಿ ಹಿಡಿಯುವುದು ಅಲ್ಲಿನ ಮಳೆಗಾಲದ ಸಂಭ್ರಮ. ಊಟದ ಮಾತು ಬದಿಗಿಟ್ಟು ನೋಡಿದರೆ ಅದು ಮೊಟ್ಟೆಯಿಡುವ ತಾಯಂದಿರ ಮೆರವಣಿಗೆ. ಯಾವ ಮೀನು ಯಾವ ಮಳೆಗೆ ಏರಿತು, ಯಾವ ಕಿರುಸೇತುವೆಯ ಸಿಮೆಂಟು ಮೆಟ್ಟಿಲು ಅದನ್ನು ತಡೆಯಿತು ಎಂದು ಗುರುತಿಟ್ಟವರು ಕಡಿಮೆ. ಟ್ಯಾಂಕಿನಲ್ಲಿ ತಣ್ಣನೆಯ ನೀರು ಬದಲಿಸಿದಾಗ ಬಾರ್ಬ್‌ಗಳು ಹುರುಪುಗೊಂಡು ಮೊಟ್ಟೆಯಿಡುವುದನ್ನು ಕಂಡವರಿಗೆ ಆ ಮೆರವಣಿಗೆಯ ಗುಟ್ಟು ಬೇಗ ಹೊಳೆಯುತ್ತದೆ.

ಕೆರೆಯಂಚಿನಲ್ಲಿ ನೀರು ಒಂದು ಕಡೆ ಕೆಂಪಗೆ ಕುದಿಯುತ್ತಿರುವಂತೆ ಕಂಡರೆ ಅದು ಕೊರವ ಮೀನಿನ ಮರಿಗಳ ಹಿಂಡು. ಉಸಿರಿಗಾಗಿ ಅವು ಒಟ್ಟಿಗೆ ಮೇಲೆ ಬರುತ್ತವೆ. ಕೆಳಗೆ ತಾಯ್ತಂದೆ ಕಾವಲು. ಕರಾವಳಿಯ ಹಿನ್ನೀರಿನಲ್ಲಿ ಆರೆಂಜ್ ಕ್ರೋಮೈಡ್ ಎಂಬ ಹಳದಿ ಮೀನಿನ ಮರಿಗಳು ತಾಯ್ತಂದೆಯ ಮೈಗೆ ಮುತ್ತಿಟ್ಟಂತೆ ತಾಗಿ ತಾಗಿ ಹೋಗುತ್ತವೆ. ಅವು ತಿನ್ನುತ್ತಿರುವುದು ಹೆತ್ತವರ ಚರ್ಮದ ಲೋಳೆಯನ್ನು. ಈ ಗುಂಪಿನ ಹತ್ತಿರದ ಬಂಧುಗಳು ಇರುವುದು ಮಡಗಾಸ್ಕರ್‌ನಲ್ಲಿ. ಇದೇ ಗುಂಪಿನ, ದಕ್ಷಿಣ ಕನ್ನಡ ಸೀಮೆಗೆ ಸೀಮಿತವಾದ, ಹೆಸರಲ್ಲೇ ಕೆನರಾವನ್ನು ಹೊತ್ತ ಮೀನೊಂದನ್ನು ಡೇ 1877ರಲ್ಲಿ ಗುರುತಿಸಿದರು. ಅದು ಕರಾವಳಿಯವರಿಗೇ ಹೆಚ್ಚು ಪರಿಚಿತವಲ್ಲ.

ಹಿಡಿಯದೆ ನೋಡಲು ಉಪಾಯಗಳಿವೆ. ಒಂದು ಅಂಗುಲ ದಪ್ಪದ ಸಣ್ಣ ಗಾಜಿನ ಡಬ್ಬಿ ಮಾಡಿಕೊಂಡರೆ, ಅನುಮತಿಯಿರುವ ಜಾಗದಲ್ಲಿ, ಮೀನನ್ನು ಅದೇ ತೊರೆಯ ನೀರಿನಲ್ಲಿ ನಿಮಿಷ ಹೊತ್ತು ಇಟ್ಟು ಪಕ್ಕದಿಂದ ಫೋಟೊ ತೆಗೆದು ಅಲ್ಲೇ ಬಿಡಬಹುದು. ಗೆರೆ, ಮೀಸೆ, ರೆಕ್ಕೆಯ ಕಡ್ಡಿ ಸ್ಪಷ್ಟ ಕಂಡರೆ ತಜ್ಞರಿಗೆ ಸಾಕು. ಕೈ ಒದ್ದೆಯಾಗಿರಬೇಕು, ಒಣಗೈ ತಾಗಿದರೆ ಲೋಳೆ ಕಿತ್ತು ರೋಗ ಹತ್ತುತ್ತದೆ.

ಕಂಡುಹಿಡಿಯುವುದು ಮುಗಿದಿಲ್ಲ. 2010ರಲ್ಲಿ ಕರ್ನಾಟಕದ ಸೀತಾ ನದಿಯ ಮೇಲ್ಭಾಗದಿಂದ ಬೀಟಾಡೆವಾರಿಯೊ ಎಂಬ ಹೊಸ ಕುಲವೇ ಸಿಕ್ಕಿತು. 2015ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ತುಂಗೆಯಿಂದ ಪೆಥಿಯಾ ಸ್ಟ್ರೈಯೇಟಾ ಎಂಬ ಹೊಸ ಬಾರ್ಬ್ ಬಂತು. ಕೇರಳದಲ್ಲಿ ಮನೆಯೊಂದರ ಸ್ನಾನದ ನೀರಿನಲ್ಲಿ ಬಾವಿಯಿಂದ ಬಂದ ಕೆಂಪು ದಾರದಂಥ ಜೀವಿ ಕಾಣಿಸಿತು. ಮನೆಯವರು ಅದನ್ನು ಚೆಲ್ಲದೆ ತಜ್ಞರಿಗೆ ತೋರಿಸಿದರು. ನೆಲದಡಿಯ ನೀರಿನಲ್ಲಿ ಬದುಕುವ ಆ ಹೊಸ ಮೀನಿಗೆ 2022ರಲ್ಲಿ ಪ್ಯಾಂಜಿಯೊ ಪಾತಾಳ ಎಂದು ಹೆಸರಾಯಿತು. ಅಲ್ಲಿ ವಿಜ್ಞಾನಕ್ಕೆ ದೊರೆತದ್ದು ಚೆಲ್ಲುವ ಮುನ್ನ ನೋಡುವ ಅಭ್ಯಾಸದ ಫಲ.

ಪೇಟೆಯಲ್ಲಿ ಹೊಳೆ ಎಲ್ಲಿದೆ ಎನ್ನುವವರಿಗೆ ಮಹಡಿಯ ಮೇಲಿನ ತೊಟ್ಟಿ ಸಾಕು. ನಾನು ತಾವರೆ ಹಾಕಿರುವ ಸಿಮೆಂಟು ತೊಟ್ಟಿಗೆ ಯಾರನ್ನೂ ಕರೆಯಲಿಲ್ಲ. ಮುಂಗಾರಿನ ನಂತರ ಏರೋಪ್ಲೇನ್ ಚಿಟ್ಟೆಗಳು ಬಾಲ ತಾಗಿಸಿ ಮೊಟ್ಟೆಯಿಟ್ಟು ಹೋದವು. ಅವುಗಳ ಮರಿ ನೀರಿನಲ್ಲಿ ಹುಲಿ. ಮಡಚಿಟ್ಟ ದವಡೆಯನ್ನು ಚಾಚಿ ಸೊಳ್ಳೆಮರಿ, ಮೀನುಮರಿ ಎರಡನ್ನೂ ಎಳೆದುಕೊಳ್ಳುತ್ತದೆ. ಮರಗಪ್ಪೆ ಅಂಚಿನಲ್ಲಿ ನೊರೆಯ ಗೂಡು ಕಟ್ಟಿತು. ಒಳಗಿನ ಗೊದಮೊಟ್ಟೆಗಳು ನೊರೆ ಕರಗಿದಾಗ ನೀರಿಗೆ ಇಳಿದವು. ಮಿಂಚುಳ್ಳಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಕೂತು ಲೆಕ್ಕ ಹಾಕುತ್ತದೆ. ಮೀನು ಕಡಿಮೆಯಾಯಿತೆಂದು ಮನೆಯವರು ಬಲೆ ಮುಚ್ಚಿಸಿ ಎನ್ನುತ್ತಾರೆ. ಬಂದವರಿಗೆ ಊಟ ಹಾಕದ ಮನೆ ಯಾವುದು ಎಂದು ನಾನು ವಾದಿಸುತ್ತೇನೆ. ಅರ್ಧ ತೊಟ್ಟಿಗೆ ಮಾತ್ರ ಬಲೆ ಎಂಬ ರಾಜಿಯಾಗಿದೆ.

7. ನಮ್ಮ ಸಂಪ್ರದಾಯ, ನಮ್ಮ ಕೆಲಸ

ಹಿಡಿಯದೆ ನೋಡುವುದು ನಮಗೆ ಹೊಸ ಪಾಠವಲ್ಲ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ, ತೀರ್ಥಹಳ್ಳಿಯ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೊಡ್ಡ ದೊಡ್ಡ ಮೀನುಗಳು ಮನುಷ್ಯರ ಕಾಲಬಳಿ ಬರುತ್ತವೆ. ದೇವರ ಮೀನೆಂಬ ಭಾವನೆ ಮಹಸೀರ್‌ನಂಥ ಜಾತಿಗಳನ್ನು ಆ ಗುಂಡಿಗಳಲ್ಲಿ ಉಳಿಸಿದೆ. ಆದರೆ ಭಕ್ತಿಗೂ ಮಿತಿಯುಂಟು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಹಾಕುವ ಮಂಡಕ್ಕಿಯ ಚೀಲಗಳೂ ನೀರಿಗೆ ಒಳ್ಳೆಯವಲ್ಲ. ಭಕ್ತಿಯ ಜೊತೆಗೆ ನೀರಿನ ತಿಳಿವಳಿಕೆ ಸೇರಬೇಕು.

ಆದ್ದರಿಂದ ಈ ಕಾಲೇಜಿಗೆ ಒಂದು ಪ್ರಸ್ತಾವ ಇಟ್ಟು ಮುಗಿಸುತ್ತೇನೆ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ತೊಟ್ಟಿಯಲ್ಲೇ ಹುಟ್ಟಿದ ನಾಡಮೀನುಗಳ ಒಂದು ಟ್ಯಾಂಕ್ ಇಡಿ. ಅದರ ಪಕ್ಕದಲ್ಲಿ ನೋಟ್‌ಬುಕ್ ಇರಲಿ: ದಿನಾಂಕ, ನೀರಿನ ಉಷ್ಣತೆ, ಅಮೋನಿಯಾ, ಮೀನಿನ ನಡವಳಿಕೆ. ಅದೇ ನೋಟ್‌ಬುಕ್ಕಿನ ಎದುರು ಪುಟದಲ್ಲಿ ನಿಮ್ಮ ಊರಿನ ಹತ್ತಿರದ ತೊರೆಯ ಒಂದೇ ಜಾಗದ ದಾಖಲೆ ಇರಲಿ, ತಿಂಗಳಿಗೊಮ್ಮೆ ಅದೇ ಜಾಗ. ಮೊದಲ ಮರಿ ಕಂಡ ದಿನ, ಹತ್ತು ಮೀನು ಏರಿದ ದಿನ, ಸಕ್ಕರ್ ಸಿಕ್ಕ ದಿನ, ನೊರೆ ಬಂದ ದಿನ. ಮೀನುಗಾರರು ಹೇಳುವ ಊರ ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ಒಂದು ತಂಡ ಪದವಿ ಮುಗಿಸಿ ಹೊರಟಾಗ ನೋಟ್‌ಬುಕ್ ಮುಂದಿನ ತಂಡದ ಕೈಗೆ ಹೋಗಬೇಕು. ಹತ್ತು ವರ್ಷದ ಅಂಥ ದಾಖಲೆ ಕರ್ನಾಟಕದ ಎಷ್ಟು ತೊರೆಗಳಿಗೆ ಇದೆ ಹೇಳಿ? ನಾಳೆ ಆ ತೊರೆಗೆ ಅಣೆಕಟ್ಟೋ ರೆಸಾರ್ಟೋ ಬರುವಾಗ ಇಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ವಿಭಾಗದ ಕಪಾಟಿನಲ್ಲಿ ಸಿಗುವಂತಾಗಲಿ. ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸದ ಹೊತ್ತಿಗೆ ಆ ನೋಟ್‌ಬುಕ್ಕಿನ ಮೊದಲ ಹನ್ನೆರಡು ಪುಟ ತುಂಬಿರಲಿ. ಅದನ್ನು ನಿಮ್ಮಲ್ಲೊಬ್ಬರು ಈ ವೇದಿಕೆಯಲ್ಲಿ ಓದಲಿ.